ಹಿತ್ತಲ ಕೋಳಿ ಮತ್ತು ಮಕ್ಕಳು: ಮೂರೂವರೆ ಸಾವಿರ ವರ್ಷಗಳ ಒಂದು ಸ್ನೇಹದ ಚರಿತ್ರೆ



‘ನನ್ನ ಹವ್ಯಾಸ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಯಿರಿ ಎಂದರೆ ಮಕ್ಕಳು ಏನು ಬರೆಯುತ್ತಾರೆ ಎಂಬುದು ಶಿಕ್ಷಕರಿಗೆಲ್ಲ ಗೊತ್ತಿರುವ ಸಂಗತಿ. ಕ್ರಿಕೆಟ್, ಪುಸ್ತಕ ಓದುವುದು, ಅಂಚೆಚೀಟಿ ಸಂಗ್ರಹ. ಅಂಚೆಚೀಟಿಯನ್ನು ಕೈಯಲ್ಲಿ ಹಿಡಿದೇ ನೋಡದ ಮಕ್ಕಳೂ ಅಂಚೆಚೀಟಿ ಸಂಗ್ರಹವೆಂದು ಬರೆಯುತ್ತಾರೆ, ಗೈಡಿನಲ್ಲಿ ಹಾಗಿರುವುದರಿಂದ. ಅದೇ ತರಗತಿಯಲ್ಲಿ, ಬೆಳಗ್ಗೆ ಎದ್ದು ಬುಟ್ಟಿ ಎತ್ತಿ ಕೋಳಿಗಳನ್ನು ಹೊರಗೆ ಬಿಟ್ಟು, ನುಚ್ಚು ಹಾಕಿ, ಹದ್ದು ಬಂದೀತೆಂದು ಮರಿಗಳನ್ನು ಕಾದು, ಆಮೇಲೆ ಶಾಲೆಗೆ ಬಂದವರು ನಾಲ್ಕೈದು ಮಂದಿಯಾದರೂ ಇರುತ್ತಾರೆ. ಅವರಲ್ಲಿ ಒಬ್ಬರೂ ಅದನ್ನು ಬರೆಯುವುದಿಲ್ಲ. ‘ಓದದಿದ್ದರೆ ಕೋಳಿ ಕಾಯಲು ಹೋಗು’ ಎಂಬ ಬೈಗುಳವನ್ನು ಮನೆಯಲ್ಲೂ ಶಾಲೆಯಲ್ಲೂ ಕೇಳಿ ಬೆಳೆದವರು ಅದನ್ನು ಹವ್ಯಾಸವೆಂದು ಬರೆಯಲು ಹೇಗೆ ಧೈರ್ಯ ಮಾಡಿಯಾರು?

ಉರ್ದುವಿನಲ್ಲಿ ‘ಘರ್ ಕೀ ಮುರ್ಗೀ ದಾಲ್ ಬರಾಬರ್’ ಎಂಬ ಗಾದೆಯಿದೆ. ಮನೆಯ ಕೋಳಿ ಬೇಳೆಗೆ ಸಮಾನ ಎಂದರ್ಥ. ಅದಕ್ಕೆ ಸರಿಯಾದ ಕನ್ನಡ ಗಾದೆ ‘ಹಿತ್ತಲ ಗಿಡ ಮದ್ದಲ್ಲ’. ಎರಡು ಭಾಷೆಗಳೂ ಒಂದೇ ಮಾತು ಹೇಳಲು ಹಿತ್ತಲಿಗೇ ಹೋಗಿರುವುದು ನನಗೆ ಯಾವಾಗಲೂ ಸ್ವಾರಸ್ಯವೆನಿಸುತ್ತದೆ. ಕೈಗೆ ಸಿಗುವಷ್ಟು ಹತ್ತಿರವಿರುವುದರಿಂದಲೇ ನಾವು ನೋಡದೆ ಬಿಟ್ಟ ಈ ಹಕ್ಕಿಯ ಚರಿತ್ರೆಯನ್ನು ಈ ಲೇಖನದಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ರಾಜರ, ಯುದ್ಧಗಳ ಚರಿತ್ರೆ ನಿಮ್ಮ ಪಠ್ಯದಲ್ಲಿ ಹೇಗೂ ಇದೆ.

ಮೊದಲು ಹೆಸರಿನಿಂದ ಆರಂಭಿಸೋಣ. ಫಾರ್ಸಿ ಭಾಷೆಯಲ್ಲಿ ‘ಮುರ್ಗ್’ ಎಂದರೆ ಯಾವುದೇ ಹಕ್ಕಿ. ಕಥೆಗಳಲ್ಲಿ ಬರುವ ‘ಸೀಮುರ್ಗ್’ ಎಂಬ ಅದ್ಭುತ ಪಕ್ಷಿಯ ಹೆಸರಿನಲ್ಲಿರುವುದೂ ಅದೇ ಪದ. ಉರ್ದುವಿಗೆ ಬರುವಷ್ಟರಲ್ಲಿ ಆ ಪದ ಕೋಳಿಗೆ ಮೀಸಲಾಯಿತು. ಮನುಷ್ಯನ ಮನೆಯ ಅಂಗಳದಲ್ಲಿ ಸದಾ ಕಾಣುವ ಹಕ್ಕಿ ಇದೊಂದೇ ಆದಾಗ ಹೀಗಾಗುವುದು ಸಹಜವೇ. ಕನ್ನಡದಲ್ಲಿ ಗಂಡಿಗೆ ಹುಂಜ, ಹೆಣ್ಣಿಗೆ ಹೇಂಟೆ ಎಂಬ ಅಚ್ಚ ಪದಗಳಿವೆ. ಕಾಳಗದ ಕೋಳಿಯ ತಳಿಗೆ ನಮ್ಮ ದೇಶದಲ್ಲೆಲ್ಲ ‘ಅಸೀಲ್’ ಎನ್ನುತ್ತಾರಲ್ಲ, ಅದು ಅರಬಿ ಪದ. ಶುದ್ಧ ಮೂಲದ್ದು, ಕುಲೀನವಾದದ್ದು ಎಂದರ್ಥ. ‘ಅಸಲು’ ಎಂದು ನಾವು ದಿನಕ್ಕೆ ಹತ್ತು ಸಲ ಆಡುವ ಮಾತಿನ ಸೋದರ ಪದ.

ಕೋಳಿ ಎಲ್ಲಿಂದ ಬಂತು? ಹಳೆಯ ಪುಸ್ತಕಗಳಲ್ಲಿ ಸಿಂಧೂ ಬಯಲಿನ ನಾಗರಿಕತೆಯ ಜನರೇ ಕೋಳಿಯನ್ನು ಮೊದಲು ಪಳಗಿಸಿದರೆಂದು ಬರೆದಿರುತ್ತಿತ್ತು. ಚೀನಾದಲ್ಲಿ ಎಂಟು ಸಾವಿರ ವರ್ಷಗಳ ಹಿಂದೆಯೇ ಕೋಳಿ ಸಾಕಿದ್ದರೆಂಬ ವಾದವೂ ಇತ್ತು. 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಈ ಲೆಕ್ಕಗಳನ್ನೆಲ್ಲ ಬದಲಿಸಿತು. ವಿಜ್ಞಾನಿಗಳು 89 ದೇಶಗಳ 600ಕ್ಕೂ ಹೆಚ್ಚು ಸ್ಥಳಗಳಲ್ಲಿ ಸಿಕ್ಕ ಕೋಳಿಯ ಎಲುಬುಗಳ ದಾಖಲೆಯನ್ನು ಮತ್ತೆ ಪರಿಶೀಲಿಸಿದರು. ನಿಸ್ಸಂದೇಹವಾಗಿ ಸಾಕಿದ ಕೋಳಿಯದೆನ್ನಬಹುದಾದ ಅತಿ ಹಳೆಯ ಎಲುಬುಗಳು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕಿವೆ, ಅವುಗಳ ಕಾಲ ಕ್ರಿ.ಪೂ. 1650ರಿಂದ 1250ರ ನಡುವಿನದು ಎಂದು ಅವರು ತೀರ್ಮಾನಿಸಿದರು. ಕಾಡಿನ ಕೆಂಪು ಕಾಡುಕೋಳಿಯನ್ನು ಯಾರೂ ಬಲೆ ಬೀಸಿ ಹಿಡಿದು ತಂದದ್ದಲ್ಲವಂತೆ. ಮಳೆಯಾಶ್ರಯದಲ್ಲಿ ಭತ್ತ, ಸಿರಿಧಾನ್ಯ ಬೆಳೆಯುವವರ ಹೊಲದಂಚಿಗೆ, ಕಣಕ್ಕೆ ಚೆಲ್ಲಿದ ಕಾಳು ಹೆಕ್ಕಲು ಅದು ತಾನಾಗಿಯೇ ಬಂತು. ಬಂದದ್ದು ಅಲ್ಲೇ ಉಳಿಯಿತು. ನಮ್ಮ ಮನೆಯ ಕೋಳಿ ಇಂದಿಗೂ ಪಕ್ಕದ ಮನೆಯವರು ಒಣಹಾಕಿದ ರಾಗಿಗೆ ಬಾಯಿ ಹಾಕಿ ಜಗಳ ತರುತ್ತದಲ್ಲ, ಅದು ಅದರ ಮೂರೂವರೆ ಸಾವಿರ ವರ್ಷಗಳ ಅಭ್ಯಾಸ!

ಇದರಲ್ಲಿ ನಮ್ಮ ಪಶ್ಚಿಮ ಘಟ್ಟದ ಪಾಲೂ ಒಂದಿದೆ. ಬಂಡೀಪುರ, ನಾಗರಹೊಳೆ, ಭದ್ರಾ ಕಾಡುಗಳಲ್ಲಿ ಕಾಣಸಿಗುವುದು ಕೆಂಪು ಕಾಡುಕೋಳಿಯಲ್ಲ, ಬೂದು ಬಣ್ಣದ ಬೇರೊಂದು ಜಾತಿ. ಹುಂಜದ ಕುತ್ತಿಗೆಯ ಗರಿಗಳ ಮೇಲೆ ಮೇಣದ ತೊಟ್ಟಿಟ್ಟಂತೆ ಹಳದಿ ಚುಕ್ಕೆಗಳಿರುತ್ತವೆ. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ ಮಾತ್ರ ಎಂದು ಡಾರ್ವಿನ್ ಬರೆದಿದ್ದನು. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದಲ್ಲಿದ್ದ ಎಡ್ವರ್ಡ್ ಬ್ಲೈತ್ ಎಂಬವನಿಂದ ಅವನಿಗೆ ಬಹಳಷ್ಟು ಮಾಹಿತಿ ಹೋಗುತ್ತಿತ್ತು. ಡಾರ್ವಿನ್ ಹೇಳಿದ್ದು ಬಹುಮಟ್ಟಿಗೆ ಸರಿಯೇ ಆದರೂ, ಅನೇಕ ಸಾಕುಕೋಳಿಗಳ ಚರ್ಮ ಮತ್ತು ಕಾಲಿನ ಹಳದಿ ಬಣ್ಣಕ್ಕೆ ಕಾರಣವಾದ ವಂಶವಾಹಿ ದಕ್ಷಿಣ ಭಾರತದ ಈ ಬೂದು ಕಾಡುಕೋಳಿಯಿಂದ ಬಂದಿದೆ ಎಂದು 2008ರಲ್ಲಿ ಗೊತ್ತಾಯಿತು. ಅಮೆರಿಕದ ಯಾವುದೋ ಅಂಗಡಿಯಲ್ಲಿ ಮಾರುವ ಹಳದಿ ಚರ್ಮದ ಕೋಳಿಯಲ್ಲೂ ನಮ್ಮ ಘಟ್ಟದ ರಕ್ತದ ಒಂದು ಹನಿ ಇದೆಯೆಂದಾಯಿತು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಮನುಷ್ಯ ಕೋಳಿಯನ್ನು ತಿನ್ನಲೆಂದೇ ಸಾಕಲು ತೊಡಗಿದ ಎಂದು ನಾವೆಲ್ಲ ತಿಳಿದಿದ್ದೇವೆ. ಹೇಳಿಕೊಡುವುದೂ ಹಾಗೆಯೇ. ಆದರೆ ಎಲುಬುಗಳು ಬೇರೆಯೇ ಕಥೆ ಹೇಳುತ್ತವೆ. ಯೂರೋಪಿನಲ್ಲಿ ಸಿಕ್ಕ ಅತಿ ಹಳೆಯ ಕೋಳಿಗಳಲ್ಲಿ ಹಲವನ್ನು ಕತ್ತರಿಸಿದ ಗುರುತೇ ಇಲ್ಲ. ಅವನ್ನು ಇಡಿಯಾಗಿ, ಒಂಟಿಯಾಗಿ ಹೂಳಲಾಗಿತ್ತು. ಅನೇಕವು ಮುದಿಯಾಗುವವರೆಗೆ ಬದುಕಿದ್ದವು. ಕಾಲು ಮುರಿದು ಮತ್ತೆ ಚೆನ್ನಾಗಿ ಕೂಡಿಕೊಂಡ ಹೇಂಟೆಯ ಎಲುಬೂ ಸಿಕ್ಕಿದೆ. ಕಾಲು ಮುರಿದ ಕೋಳಿ ನಾಯಿ, ನರಿಗಳ ನಡುವೆ ತಾನಾಗಿ ಬದುಕುವುದಿಲ್ಲ. ಯಾರೋ ಅದನ್ನು ಬುಟ್ಟಿಯಡಿ ಇಟ್ಟು, ನೀರು ಕುಡಿಸಿ, ಕಾಳು ಹಾಕಿ ನೋಡಿಕೊಂಡಿರಬೇಕು. ಅದು ಯಾರಿದ್ದೀತು ಎಂದು ಎಲುಬು ಹೇಳುವುದಿಲ್ಲ. ಮನೆಯ ಹುಡುಗನೋ ಹುಡುಗಿಯೋ ಇರಬೇಕೆಂದು ನನ್ನ ಊಹೆ. ಇದಕ್ಕೆ ಲಿಖಿತ ಸಾಕ್ಷಿಯೂ ಇದೆ. ರೋಮನ್ ದಂಡನಾಯಕ ಜೂಲಿಯಸ್ ಸೀಸರ್ ಕ್ರಿ.ಪೂ. 1ನೇ ಶತಮಾನದಲ್ಲಿ ಬ್ರಿಟನ್ನಿನ ಜನರ ಬಗ್ಗೆ ಬರೆಯುತ್ತಾ, ಅವರು ಕೋಳಿ ತಿನ್ನುವುದು ಸಲ್ಲದೆಂದು ಭಾವಿಸಿದ್ದಾರೆ, ಆದರೂ ಮನಸ್ಸಂತೋಷಕ್ಕಾಗಿ ಅದನ್ನು ಸಾಕುತ್ತಾರೆ ಎಂಬ ಅರ್ಥದ ಮಾತು ಹೇಳಿದ್ದಾನೆ. ಕೋಳಿಯನ್ನು ದೊಡ್ಡ ಪ್ರಮಾಣದಲ್ಲಿ ತಿಂದ ಕುರುಹು ಸಿಕ್ಕಿರುವ ಹಳೆಯ ಊರೆಂದರೆ ಫೆಲೆಸ್ತೀನ್ ಪ್ರದೇಶದ ಮರೇಶಾ. ಅದರ ಕಾಲ ಕ್ರಿ.ಪೂ. 4ರಿಂದ 2ನೇ ಶತಮಾನ. ಅಂದರೆ ಕೋಳಿ ಮನುಷ್ಯನ ಜೊತೆ ಬಾಳಲು ತೊಡಗಿ ಸಾವಿರ ವರ್ಷ ಕಳೆದ ಮೇಲೆ! ಹಿತ್ತಲಲ್ಲಿ ಕೋಳಿಗೆ ಹೆಸರಿಟ್ಟು ಕರೆಯುವ ಹುಡುಗ ಹೊಸದೇನನ್ನೂ ಮಾಡುತ್ತಿಲ್ಲ.

ಇಸ್ಲಾಮೀ ಪರಂಪರೆಯಲ್ಲಿ ಈ ಹಕ್ಕಿಗೆ ಇರುವ ಸ್ಥಾನ ನಮ್ಮ ಮಕ್ಕಳಿಗೆ ಗೊತ್ತಿರಬೇಕು. ಹುಂಜ ಕೂಗುವುದನ್ನು ಕೇಳಿದಾಗ ಅಲ್ಲಾಹನ ಅನುಗ್ರಹವನ್ನು ಬೇಡಿಕೊಳ್ಳಬೇಕೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಹುಂಜ ನಮಾಝಿಗೆ ಎಬ್ಬಿಸುವುದರಿಂದ ಅದನ್ನು ಬೈಯಬಾರದೆಂಬ ಹದೀಸ್ ಅಬೂದಾವೂದ್ ಸಂಗ್ರಹದಲ್ಲಿದೆ. ಮೊಬೈಲ್ ಅಲಾರಂ ಇಲ್ಲದ ಕಾಲದಲ್ಲಿ ಫಜ್ರ್‌ಗೆ ಹುಂಜವೇ ಆಸರೆಯಾಗಿತ್ತಷ್ಟೆ. ಪ್ರವಾದಿಯವರು(ಸ) ಕೋಳಿ ಮಾಂಸ ಸೇವಿಸಿದ್ದನ್ನು ತಾನು ಕಂಡಿದ್ದಾಗಿ ಹಝ್ರತ್ ಅಬೂ ಮೂಸಾ ಅಶ್‌ಅರೀ(ರ) ಹೇಳಿದ್ದೂ ದಾಖಲಾಗಿದೆ. ಆದ್ದರಿಂದ ಕೋಳಿ ಹಲಾಲ್ ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ತಿನ್ನಲು ಹಲಾಲ್ ಆದದ್ದನ್ನು ಹಿಂಸಿಸಲು ಅನುಮತಿಯಿಲ್ಲ. ಒಮ್ಮೆ ಹಝ್ರತ್ ಇಬ್ನ್ ಉಮರ್(ರ) ದಾರಿಯಲ್ಲಿ ಹೋಗುತ್ತಿದ್ದಾಗ ಕೆಲವು ತರುಣರು ಒಂದು ಕೋಳಿಯನ್ನು ಕಟ್ಟಿಹಾಕಿ ಬಾಣದ ಗುರಿಯಾಗಿಸಿಕೊಂಡಿದ್ದರು. ಅವರನ್ನು ಕಂಡದ್ದೇ ತರುಣರು ಚದುರಿ ಓಡಿದರು. ಜೀವವಿರುವುದನ್ನು ಹೀಗೆ ಗುರಿ ಮಾಡಿಕೊಳ್ಳುವವರನ್ನು ಪ್ರವಾದಿ(ಸ) ಶಪಿಸಿದ್ದಾರೆಂದು ಇಬ್ನ್ ಉಮರ್(ರ) ತಿಳಿಸಿದರು. ನಮ್ಮ ಕರಾವಳಿಯ ಕೋಳಿ ಅಂಕದ ಬಗ್ಗೆ ಕೇಳಿದವರು ಈ ಪ್ರಸಂಗವನ್ನು ನೆನೆಯಬೇಕು.

ಇನ್ನೊಂದು ಪ್ರಸಂಗ ಮಕ್ಕಳದ್ದೇ. ಹಝ್ರತ್ ಅನಸ್(ರ) ಅವರಿಗೆ ಅಬೂ ಉಮೈರ್ ಎಂಬ ಪುಟ್ಟ ತಮ್ಮನಿದ್ದ. ಅವನ ಬಳಿ ‘ನುಗೈರ್’ ಎಂಬ ಸಣ್ಣ ಹಕ್ಕಿಯೊಂದಿತ್ತು. ಅದರೊಂದಿಗೆ ಅವನು ಆಡುತ್ತಿದ್ದ. ಹಕ್ಕಿ ಸತ್ತುಹೋಯಿತು, ಹುಡುಗ ಮುಖ ಸಪ್ಪಗೆ ಮಾಡಿಕೊಂಡು ಕೂತ. ಮನೆಗೆ ಬಂದ ಪ್ರವಾದಿಯವರು(ಸ) ಇವನೇಕೆ ಹೀಗಿದ್ದಾನೆಂದು ಮನೆಯವರಲ್ಲಿ ವಿಚಾರಿಸಿದರು. ಆಮೇಲೆ ದೊಡ್ಡವರನ್ನು ಕರೆಯುವಂತೆ ಗೌರವದಿಂದ ಅವನ ಹೆಸರು ಹಿಡಿದು ಕರೆದು, ನುಗೈರ್‌ಗೆ ಏನಾಯಿತೆಂದು ಪ್ರಾಸ ಕೂಡಿಸಿ ಕೇಳಿದರು. ಇಷ್ಟೇ ಪ್ರಸಂಗ. ಆದರೆ ಇದರ ಮೇಲೆ ಹಿಜರಿ 4ನೇ ಶತಮಾನದ ವಿದ್ವಾಂಸ ಇಬ್ನುಲ್ ಕಾಸ್ಸ್ ಒಂದು ಇಡೀ ಪುಸ್ತಿಕೆ ಬರೆದು ಅರವತ್ತು ಪಾಠಗಳನ್ನು ಹೆಕ್ಕಿ ತೆಗೆದರು. ಮಗು ಹಕ್ಕಿಯೊಂದಿಗೆ ಆಡಬಹುದು, ನೋಡಿಕೊಳ್ಳುವುದಾದರೆ ಹಕ್ಕಿ ಸಾಕಬಹುದು ಎಂಬುದನ್ನೂ ವಿದ್ವಾಂಸರು ಇದರಿಂದಲೇ ತೋರಿಸುತ್ತಾರೆ. ‘ಒಂದು ಗುಬ್ಬಿ ಸತ್ತರೆ ಇಷ್ಟೇಕೆ ಅಳು’ ಎಂದು ಮಗುವಿನ ಬಾಯಿ ಮುಚ್ಚಿಸುವ ಹಿರಿಯರು ಇದನ್ನು ಓದಲೆಂದು ಸ್ವಲ್ಪ ವಿಸ್ತಾರವಾಗಿಯೇ ಬರೆದೆ.

ಇದೇ ಪರಂಪರೆಯಲ್ಲಿ ಬೆಳೆದ ಬಸ್ರಾದ ಅಲ್ ಜಾಹಿಝ್ 9ನೇ ಶತಮಾನದಲ್ಲಿ ‘ಕಿತಾಬುಲ್ ಹಯವಾನ್’ ಎಂಬ ಏಳು ಸಂಪುಟಗಳ ಪ್ರಾಣಿಗ್ರಂಥ ಬರೆದರು. ಬಡ ಮನೆಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲಿ ಕಾಲುವೆಯ ದಂಡೆಯಲ್ಲಿ ರೊಟ್ಟಿ, ಮೀನು ಮಾರಿದವರೆಂದು ಅವರ ಬಗ್ಗೆ ಹೇಳುತ್ತಾರೆ. ಆ ಗ್ರಂಥದ ಆರಂಭದ ಸಂಪುಟಗಳ ಬಹುಭಾಗ ನಾಯಿಯ ಪಕ್ಷದವನಿಗೂ ಹುಂಜದ ಪಕ್ಷದವನಿಗೂ ನಡೆಯುವ ವಾದ. ಯಾವುದು ಮೇಲು? ಇಬ್ಬರೂ ಪದ್ಯ, ಗಾದೆ, ಕಣ್ಣಾರೆ ಕಂಡದ್ದು ಎಲ್ಲವನ್ನೂ ತಂದು ಸುರಿಯುತ್ತಾರೆ. ನಮ್ಮ ಶಾಲೆಗಳ ಚರ್ಚಾಸ್ಪರ್ಧೆಗಳಿಗೆ ‘ವಿಜ್ಞಾನ ವರವೋ ಶಾಪವೋ’ ಎಂಬ ವಿಷಯ ಸವೆದುಹೋಗಿದೆ. ಒಮ್ಮೆ ‘ನಾಯಿ ಮೇಲೋ ಹುಂಜ ಮೇಲೋ’ ಎಂದು ಇಟ್ಟು ನೋಡಬಹುದು.

ಕೋಳಿಯ ಚರಿತ್ರೆಯಲ್ಲಿ ಈಜಿಪ್ಟಿಗೆ ವಿಶೇಷ ಸ್ಥಾನವಿದೆ. ಅಲ್ಲಿ ತಾಯಿಕೋಳಿ ಇಲ್ಲದೆಯೇ ಮೊಟ್ಟೆ ಮರಿಮಾಡುವ ವಿದ್ಯೆ ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಇತ್ತು. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನೂ ಅದನ್ನು ಪ್ರಸ್ತಾಪಿಸಿದ್ದಾನೆ. ಅವನು ಸ್ವತಃ ಕಾವಿಗೆ ಇಟ್ಟ ಮೊಟ್ಟೆಗಳನ್ನು ದಿನಕ್ಕೊಂದರಂತೆ ಒಡೆದು ನೋಡಿ, ಮೂರನೆಯ ದಿನ ಹೃದಯವು ರಕ್ತದ ಚುಕ್ಕೆಯಂತೆ ಮಿಡಿಯುವುದನ್ನು ಬರೆದಿಟ್ಟವನು. 1200ರ ಸುಮಾರಿಗೆ ಬಗ್ದಾದಿನ ವೈದ್ಯ, ವಿದ್ವಾಂಸ ಅಬ್ದುಲ್ಲತೀಫ್ ಅಲ್ ಬಗ್ದಾದಿ ಈಜಿಪ್ಟಿಗೆ ಹೋದಾಗ ಈ ಮರಿಮಾಡುವ ಮನೆಗಳನ್ನು ಕಂಡು ಬೆರಗಾಗಿ ಅವುಗಳ ಗೋಡೆ, ಒಲೆ, ಕೆಲಸದ ಕ್ರಮ ಎಲ್ಲವನ್ನೂ ವಿವರವಾಗಿ ಬರೆದರು. ಮಣ್ಣಿನ ಇಟ್ಟಿಗೆಯ ಕೋಣೆಗಳು, ಅವುಗಳಲ್ಲಿ ಸಗಣಿಯ ಉರಿಯ ನಿಧಾನವಾದ ಬಿಸಿ. ಕೋಳಿಮೊಟ್ಟೆಗೆ 21 ದಿನ ಸುಮಾರು ಮೂವತ್ತೇಳೂವರೆ ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಹೆಚ್ಚಾದರೆ ಬೇಯುತ್ತದೆ, ಕಡಿಮೆಯಾದರೆ ಕೊಳೆಯುತ್ತದೆ. ಥರ್ಮಾಮೀಟರ್ ಎಂಬುದೇ ಇಲ್ಲದ ಕಾಲದಲ್ಲಿ ಕೆಲಸಗಾರರು ಮೊಟ್ಟೆಯನ್ನು ಕಣ್ಣುರೆಪ್ಪೆಗೆ ತಾಗಿಸಿ ಬಿಸಿ ಅಳೆಯುತ್ತಿದ್ದರು. ತಂದೆಯಿಂದ ಮಗ ಕಲಿಯುತ್ತಿದ್ದ ವಿದ್ಯೆ ಅದು. 18ನೇ ಶತಮಾನದಲ್ಲಿ ಫ್ರಾನ್ಸಿನ ವಿಜ್ಞಾನಿ ರಿಯೋಮ್ಯೂರ್, ಅವನ ಹೆಸರಿನಲ್ಲಿಯೇ ಒಂದು ಥರ್ಮಾಮೀಟರ್ ಮಾನವಿದೆ, ಇದನ್ನು ಅಭ್ಯಾಸ ಮಾಡಿ 1749ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದನು. ನಿಮ್ಮ ವಿಜ್ಞಾನ ಪುಸ್ತಕದಲ್ಲಿ ಬರುವ ಇನ್‌ಕ್ಯುಬೇಟರ್ ಯಂತ್ರಕ್ಕೆ ಇಂಥ ಅಜ್ಜಂದಿರಿದ್ದಾರೆ.

ಬಗ್ದಾದಿಯವರು ಇದನ್ನು ಬರೆದ ಆಸುಪಾಸಿನ ವರ್ಷಗಳಲ್ಲೇ ಕನ್ನಡ ನಾಡಿನಲ್ಲೂ ಒಂದು ಕೋಳಿ ಅಮರವಾಯಿತು. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಜನ್ನ 1209ರಲ್ಲಿ ‘ಯಶೋಧರ ಚರಿತೆ’ ರಚಿಸಿದನು. ತಾಯಿಯ ಒತ್ತಾಯಕ್ಕೆ ಮಣಿದ ರಾಜ ಯಶೋಧರ ನಿಜವಾದ ಪ್ರಾಣಿಯನ್ನು ಕೊಲ್ಲಲೊಪ್ಪದೆ ಹಿಟ್ಟಿನ ಹುಂಜವೊಂದನ್ನು ಮಾಡಿಸಿ ದೇವಿಗೆ ಬಲಿ ಕೊಡುತ್ತಾನೆ. ಕತ್ತರಿಸಿದ್ದು ಹಿಟ್ಟೇ ಆದರೂ ಕೊಲ್ಲುವ ಸಂಕಲ್ಪ ನಡೆದುಹೋಯಿತೆಂದು ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ, ಕೊನೆಗೆ ಕೋಳಿಗಳಾಗಿಯೂ ಹುಟ್ಟುತ್ತಾರೆ. ಜೈನರ ಪುನರ್ಜನ್ಮದ ನಂಬಿಕೆ ನಮ್ಮದಲ್ಲ. ಆದರೆ ಜನ್ನನನ್ನು ಪಾಠ ಮಾಡುವಾಗಲೆಲ್ಲ ಬುಖಾರಿಯ ಮೊಟ್ಟಮೊದಲ ಹದೀಸ್, ಕರ್ಮಗಳು ನಿಯ್ಯತ್ತನ್ನು ಅವಲಂಬಿಸಿವೆ ಎಂಬ ಅರ್ಥದ್ದು, ನನಗೆ ನೆನಪಾಗದೆ ಇರುವುದಿಲ್ಲ. ತಮಿಳುನಾಡಿನ ವಿಲ್ಲುಪುರಂ ಜಿಲ್ಲೆಯ ಅರಸಲಾಪುರಂನಲ್ಲಂತೂ ಕಾದಾಡಿ ಸತ್ತ ಹುಂಜಕ್ಕೇ ವೀರಗಲ್ಲು ನಿಲ್ಲಿಸಿದ್ದಾರೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ನಾಯಿಗೆ ನಿಂತ ಕಲ್ಲಿನ ಹಾಗೆ. ಜಾಹಿಝ್ ಇದ್ದಿದ್ದರೆ ಎರಡನ್ನೂ ತನ್ನ ವಾದಕ್ಕೆ ಸೇರಿಸಿಕೊಳ್ಳುತ್ತಿದ್ದರು.

ವಿದ್ಯಾರ್ಥಿಗಳೇ, ಇನ್ನು ಮುಂದಿನದು ವಿಶೇಷವಾಗಿ ನಿಮಗಾಗಿ.

ನಾರ್ವೆ ದೇಶದಲ್ಲಿ 1894ರಲ್ಲಿ ಟೊರ್‌ಲೈಫ್ ಶೆಲ್ಡೆರೂಪ್ ಎಬ್ಬೆ ಎಂಬ ಹುಡುಗ ಹುಟ್ಟಿದನು. ತಂದೆ ತಾಯಿ ಇಬ್ಬರೂ ಶಿಲ್ಪಿಗಳು. ಬೇಸಿಗೆಯಲ್ಲಿ ಕುಟುಂಬ ಹಳ್ಳಿಯ ಮನೆಗೆ ಹೋಗುತ್ತಿತ್ತು. ಅಲ್ಲಿದ್ದ ಕೋಳಿಗಳ ಮೇಲೆ ಆರು ವರ್ಷದ ಈ ಹುಡುಗನಿಗೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು. ಒಂದೊಂದು ಕೋಳಿಗೂ ಹೆಸರಿತ್ತು, ಯಾವುದು ಯಾವುದೆಂದು ದೂರದಿಂದಲೇ ಗುರುತು ಸಿಗುತ್ತಿತ್ತು. ಹತ್ತು ವರ್ಷವಾಗುವ ಹೊತ್ತಿಗೆ ಒಂದು ಟಿಪ್ಪಣಿ ಪುಸ್ತಕವಿಟ್ಟುಕೊಂಡು, ಕಾಳು ಹಾಕಿದಾಗ ಯಾವ ಕೋಳಿ ಯಾವುದನ್ನು ಕುಕ್ಕುತ್ತದೆ, ಯಾವುದು ತಿರುಗಿ ಕುಕ್ಕದೆ ಸರಿದುಹೋಗುತ್ತದೆ ಎಂದು ಬರೆದಿಡಲಾರಂಭಿಸಿದನು. ಅವನಿಗೆ ತಿಳಿದ ಸತ್ಯವಿಷ್ಟು. ಕೋಳಿಗಳು ಮನಸ್ಸಿಗೆ ಬಂದಂತೆ ಜಗಳವಾಡುವುದಿಲ್ಲ. ಹಿಂಡಿನಲ್ಲಿ ಒಂದನೆಯದು ಎಲ್ಲವನ್ನೂ ಕುಕ್ಕಬಹುದು, ಎರಡನೆಯದು ಒಂದನೆಯದರ ಹೊರತು ಉಳಿದವನ್ನು, ಹೀಗೆ ಕೊನೆಯದರವರೆಗೆ. ಕೊನೆಯದು ಯಾರನ್ನೂ ಕುಕ್ಕುವ ಹಾಗಿಲ್ಲ, ಎಲ್ಲರಿಂದಲೂ ಕುಕ್ಕಿಸಿಕೊಳ್ಳುತ್ತದೆ. ಕೆಲವೊಮ್ಮೆ ಒಂದು ವಿಚಿತ್ರವೂ ನಡೆಯುತ್ತದೆ. ‘ಅ’ ಕೋಳಿ ‘ಆ’ ಕೋಳಿಯನ್ನೂ, ‘ಆ’ ಕೋಳಿ ‘ಇ’ ಕೋಳಿಯನ್ನೂ ಕುಕ್ಕಿದರೆ, ‘ಇ’ ಮಾತ್ರ ತಿರುಗಿ ‘ಅ’ವನ್ನೇ ಕುಕ್ಕುತ್ತದೆ! ಇಂಥ ತ್ರಿಕೋನಗಳನ್ನೂ ಆ ಹುಡುಗ ಬಿಡದೆ ಬರೆದುಕೊಂಡನು.

ಆ ಬಾಲ್ಯದ ಅವಲೋಕನಗಳ ಮೇಲೆಯೇ ಅವನು ಮುಂದೆ ಜರ್ಮನಿಯ ಗ್ರೈಫ್ಸ್‌ವಾಲ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದನು. 1922ರಲ್ಲಿ ಅದು ಪ್ರಕಟವಾಯಿತು. ‘ಪೆಕಿಂಗ್ ಆರ್ಡರ್’ ಎಂದು ಇಂದು ಕಚೇರಿಗಳ, ರಾಜಕೀಯ ಪಕ್ಷಗಳ ಬಗ್ಗೆ ಬರೆಯುವಾಗಲೂ ಇಂಗ್ಲಿಷ್ ಪತ್ರಿಕೆಗಳು ಬಳಸುವ ಮಾತಿನ ಹುಟ್ಟು ಆ ಕೋಳಿಗೂಡಿನ ಮುಂದೆ ಕೂತ ಹುಡುಗನ ಟಿಪ್ಪಣಿಯಲ್ಲಿದೆ. ಮಂಗಗಳು, ತೋಳಗಳು, ಮೀನುಗಳವರೆಗೆ ಪ್ರಾಣಿಗಳ ಸಮಾಜವನ್ನು ಅಭ್ಯಾಸ ಮಾಡಿದವರೆಲ್ಲ ಅವನ ದಾರಿಯಲ್ಲೇ ನಡೆದರು. ಅವನಿಗೆ ತನ್ನ ಸ್ವಂತ ದೇಶದಲ್ಲಿ ಮಾತ್ರ ತಕ್ಕ ಸ್ಥಾನ ಸಿಗಲಿಲ್ಲ. ಘರ್ ಕೀ ಮುರ್ಗೀ ಎಂದು ಆರಂಭದಲ್ಲೇ ಹೇಳಿದೆನಲ್ಲ! ಭೂಮಿಯ ಮೇಲಿನ ಪ್ರಾಣಿಗಳೂ ರೆಕ್ಕೆ ಬಡಿದು ಹಾರುವ ಹಕ್ಕಿಗಳೂ ಮನುಷ್ಯರಂತೆಯೇ ಸಮುದಾಯಗಳು ಎಂಬ ಆಶಯ ಪವಿತ್ರ ಕುರ್‌ಆನಿನ ಅಲ್ ಅನ್‌ಆಮ್ ಅಧ್ಯಾಯದ 38ನೇ ವಚನದಲ್ಲಿದೆ. ಅಲ್ಲಿ ಬಳಕೆಯಾಗಿರುವುದು ‘ಉಮ್ಮತ್’ ಪದದ ಬಹುವಚನ. ನಾವು ಅದನ್ನು ತಿಲಾವತ್ ಮಾಡಿ ಮುಂದೆ ಹೋಗುತ್ತೇವೆ. ನಮ್ಮ ಹಿತ್ತಲಿನಲ್ಲೂ ಅಂಥದೊಂದು ಸಮುದಾಯವಿದೆ, ನಾವು ಕೂತು ನೋಡಿಲ್ಲ.

ಇನ್ನೊಬ್ಬಳ ಕಥೆ ಚಿಕ್ಕದು. ಇಂಗ್ಲೆಂಡಿನ ನಾಲ್ಕೈದು ವರ್ಷದ ಹುಡುಗಿಯೊಬ್ಬಳು, ಕೋಳಿಯ ಮೈಯಲ್ಲಿ ಮೊಟ್ಟೆ ಹೊರಬರುವಷ್ಟು ದೊಡ್ಡ ತೂತು ಎಲ್ಲಿದೆ ಎಂದು ತಿಳಿಯಲು ಕೋಳಿಗೂಡಿನ ಒಣಹುಲ್ಲಿನಲ್ಲಿ ಗಂಟೆಗಟ್ಟಲೆ ಅಡಗಿ ಕೂತಳು. ಮಗು ಕಾಣೆಯಾಯಿತೆಂದು ಮನೆಯವರು ಹುಡುಕಾಡಿ ಪೊಲೀಸರಿಗೂ ತಿಳಿಸಿದ್ದರು. ಮೈಯೆಲ್ಲ ಹುಲ್ಲು ಮೆತ್ತಿಕೊಂಡು ಓಡಿಬಂದ ಮಗುವಿಗೆ ತಾಯಿ ಹೊಡೆಯಲಿಲ್ಲ, ಕೂರಿಸಿಕೊಂಡು ಅವಳು ಕಂಡದ್ದನ್ನೆಲ್ಲ ಕೇಳಿದರು. ಆ ಹುಡುಗಿಯೇ ಮುಂದೆ ಆಫ್ರಿಕದ ಚಿಂಪಾಂಜಿಗಳ ಬದುಕನ್ನು ಜಗತ್ತಿಗೆ ತಿಳಿಸಿದ ಜೇನ್ ಗುಡಾಲ್. 2025ರಲ್ಲಿ ನಿಧನರಾಗುವವರೆಗೂ ಆ ಕೋಳಿಗೂಡಿನ ಕಥೆಯನ್ನು ಅವರು ಊರೂರಲ್ಲಿ ಹೇಳುತ್ತಿದ್ದರು. ನಾನು ಈ ಕಥೆಯನ್ನು ತಾಯಂದಿರ ಸಭೆಗಳಲ್ಲಿ ಹೇಳುವುದುಂಟು. ಮಕ್ಕಳಿಗಿಂತ ಹೆಚ್ಚಾಗಿ ತಾಯಂದಿರು ಕೇಳಬೇಕಾದ ಕಥೆ ಅದು.

ನಮ್ಮ ಆಹಾರದ ಬಗ್ಗೆಯೂ ಕೋಳಿ ಕಲಿಸಿದೆ. ಇಂದಿನ ಇಂಡೋನೇಷ್ಯಾದ ಜಕಾರ್ತಾ ಆಗ ಡಚ್ಚರ ಬಟಾವಿಯಾ. 1890ರ ಸುಮಾರಿಗೆ ಅಲ್ಲಿ ವೈದ್ಯ ಐಕ್‌ಮನ್ ಬೆರಿಬೆರಿ ರೋಗದ ಕಾರಣ ಹುಡುಕುತ್ತಿದ್ದಾಗ ಪ್ರಯೋಗಾಲಯದ ಕೋಳಿಗಳ ಕಾಲು ಸೋಲತೊಡಗಿತು. ಆಸ್ಪತ್ರೆಯಲ್ಲಿ ಉಳಿದ ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಅನ್ನ ಅವಕ್ಕೆ ಬೀಳುತ್ತಿತ್ತು. ಹೊಸದಾಗಿ ಬಂದ ಅಡುಗೆಯವನು, ಸೈನಿಕರ ಅನ್ನವನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಕೊಡಲಾಗದೆಂದು ಹಟ ಹಿಡಿದನು. ಕೋಳಿಗಳಿಗೆ ತೌಡು ತೆಗೆಯದ ಅಕ್ಕಿ ಬಂತು, ಕಾಯಿಲೆ ವಾಸಿಯಾಯಿತು. ವಿಟಮಿನ್ ‘ಬಿ’ಯ ಕಡೆಗೆ ಹೋದ ದಾರಿ ಅಲ್ಲಿಂದಲೇ. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಸಿಕ್ಕಿತು. ಅಡುಗೆಯವನ ಜಿಪುಣತನಕ್ಕೆ ಏನೂ ಸಿಗಲಿಲ್ಲ.

20ನೇ ಶತಮಾನದಲ್ಲಿ ಈ ಸ್ನೇಹ ಮುರಿಯಿತು. 1923ರಲ್ಲಿ ಅಮೆರಿಕದ ಡೆಲವೇರ್ ರಾಜ್ಯದ ಸಿಸೀಲ್ ಸ್ಟೀಲ್ ಎಂಬ ಗೃಹಿಣಿ ಮೊಟ್ಟೆಗಾಗಿ 50 ಮರಿ ತರಿಸಲು ಹೇಳಿದರೆ 500 ಬಂದವು. ಹಿಂದಿರುಗಿಸದೆ ಮಾಂಸಕ್ಕಾಗಿ ಬೆಳೆಸಿ ಮಾರಿದರು, ಲಾಭ ಬಂತು. ಬ್ರಾಯ್ಲರ್ ಉದ್ಯಮ ಹೀಗೆ ಹುಟ್ಟಿತು. ಆಮೇಲೆ ತಳಿ ತಿದ್ದುವ ಕೆಲಸ ಎಷ್ಟು ವೇಗದಲ್ಲಿ ನಡೆಯಿತೆಂದರೆ, 1957ರ ತಳಿ 56 ದಿನಗಳಲ್ಲಿ ಸುಮಾರು 900 ಗ್ರಾಂ ತೂಗುತ್ತಿದ್ದರೆ 2005ರ ತಳಿ ಅದೇ ಆಹಾರ ತಿಂದು, ಅಷ್ಟೇ ದಿನಗಳಲ್ಲಿ ನಾಲ್ಕು ಕಿಲೋ ದಾಟಿತು. ಕಾಡಿನ ಹೇಂಟೆ ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆ ಇಡುತ್ತದೆ, ಫಾರಮ್ಮಿನದು ಸುಮಾರು 300. ಅದಕ್ಕೆ ಸಿಗುವ ಜಾಗ ನೀವು ಪರೀಕ್ಷೆ ಬರೆಯುವ ಹಾಳೆಯಷ್ಟು. ರೆಕ್ಕೆ ಬಿಚ್ಚಲು, ಮಣ್ಣು ಕೆದರಲು ಆಗದು. 2017ರಲ್ಲಿ ನಮ್ಮ ದೇಶದ ಕಾನೂನು ಆಯೋಗ ಮೊಟ್ಟೆಕೋಳಿಗಳ ಈ ಸ್ಥಿತಿಯ ಬಗ್ಗೆಯೇ ಒಂದು ವರದಿ ಕೊಟ್ಟಿತು. ಅಗ್ಗದ ಮೊಟ್ಟೆಯಿಂದ ಬಡ ಮಕ್ಕಳ ತಟ್ಟೆಗೆ ಪ್ರೋಟೀನ್ ಬಂದಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಾಣದ ಗುರಿಗೆ ಕಟ್ಟಿದ ಕೋಳಿಯನ್ನು ಕಂಡು ನೊಂದ ಇಬ್ನ್ ಉಮರ್(ರ) ಅವರಿಗೆ ಈ ಪಂಜರಗಳನ್ನು ತೋರಿಸಿದರೆ ಏನೆನ್ನುತ್ತಿದ್ದರು ಎಂಬ ಪ್ರಶ್ನೆಯನ್ನು ಹಲಾಲ್ ಬಗ್ಗೆ ಮಾತನಾಡುವ ನಾವು ಕೇಳಿಕೊಳ್ಳಬೇಕಷ್ಟೆ. ಕತ್ತು ಕೊಯ್ಯುವ ಕ್ಷಣದ ನಿಯಮಗಳನ್ನು ಬಲ್ಲೆವು, ಅದಕ್ಕೆ ಮುಂಚಿನ ಜೀವಮಾನದ ಬಗ್ಗೆ ಸುಮ್ಮನಿದ್ದೇವೆ.

ಹಾಗೆಂದು ಹಿತ್ತಲ ಕೋಳಿ ಸತ್ತಿಲ್ಲ. 2019ರ ಜಾನುವಾರು ಗಣತಿಯಲ್ಲಿ ದೇಶದ ಒಟ್ಟು 85 ಕೋಟಿ ಕೋಳಿಗಳಲ್ಲಿ 31.7 ಕೋಟಿ ಹಿತ್ತಲಿನವು. 2012ಕ್ಕಿಂತ ಸುಮಾರು 46 ಶೇಕಡಾ ಹೆಚ್ಚು. ಫಾರಮ್ ಕೋಳಿಗಳ ಏರಿಕೆ 5 ಶೇಕಡಾಕ್ಕೂ ಕಡಿಮೆ! ಬೆಂಗಳೂರಿನ ಹೆಬ್ಬಾಳದ ವಿಜ್ಞಾನಿಗಳು ಹಿತ್ತಲಿಗೆಂದೇ ‘ಗಿರಿರಾಜ’ ತಳಿಯನ್ನೂ, 2005ರಲ್ಲಿ ‘ಸ್ವರ್ಣಧಾರಾ’ವನ್ನೂ ಕೊಟ್ಟರು. ಮೊಟ್ಟೆ ಮಾರಿದ ಹಣ ಮನೆಯ ಹೆಂಗಸರ ಕೈಯಲ್ಲೇ ಉಳಿಯುತ್ತದೆ. ನಮ್ಮಲ್ಲಿ ಎಷ್ಟೋ ನೋಟುಪುಸ್ತಕ, ಎಷ್ಟೋ ಪರೀಕ್ಷಾ ಶುಲ್ಕ ದಾದಿಯ, ನಾನಿಯ ಸೆರಗಿನ ಗಂಟಿನಿಂದ ಬಂದಿವೆ.

ಪ್ರೀತಿಯ ಜೊತೆ ಎಚ್ಚರವೂ ಬೇಕೆಂದು ಮಕ್ಕಳಿಗೆ ಹೇಳದೆ ಇರಲಾರೆ. 2006ರ ಜನವರಿಯಲ್ಲಿ ತುರ್ಕಿಯ ಪೂರ್ವ ಗಡಿಯ ಊರೊಂದರಲ್ಲಿ ಒಂದೇ ಮನೆಯ ಮೂವರು ಮಕ್ಕಳು ಹಕ್ಕಿಜ್ವರದಿಂದ ಸತ್ತರು. ಕಾಯಿಲೆಯ ಕೋಳಿಗಳೊಂದಿಗೆ ಅವರಿಗೆ ಸಂಪರ್ಕವಿತ್ತು. ಮರುತಿಂಗಳೇ ಮಹಾರಾಷ್ಟ್ರದ ನವಾಪುರದಲ್ಲಿ ಕೋಳಿಗಳಿಗೆ ಆ ರೋಗ ಬಂತು, 2012ರಲ್ಲಿ ನಮ್ಮ ಹೆಸರಘಟ್ಟಕ್ಕೂ ಬಂತು. ತೂಕಡಿಸುವ, ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ದೊಡ್ಡವರಿಗೆ ತಿಳಿಸಬೇಕು, ಗೂಡು ಗುಡಿಸಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ಹಳ್ಳಿಗಳಲ್ಲಿ ಕೋಳಿಗಳನ್ನು ಒಂದೇ ವಾರದಲ್ಲಿ ಸಾಲುಸಾಲಾಗಿ ಕೆಡವುವ ಕೊಕ್ಕರೆ ರೋಗಕ್ಕೆ ಪಶು ಆಸ್ಪತ್ರೆಯಲ್ಲಿ ಲಸಿಕೆ ಇದೆ. 1927ರಲ್ಲಿ ಕುಮಾವೂನಿನ ರಾಣಿಖೇತದಲ್ಲಿ ಕಂಡುಬಂದದ್ದರಿಂದ ಅದಕ್ಕೆ ರಾಣಿಖೇತ್ ರೋಗವೆಂದೂ ಹೆಸರು.

ಕೊನೆಯದಾಗಿ ಹಿರಿಯರಲ್ಲಿ ಒಂದು ವಿನಂತಿ. ದಿಢೀರನೆ ನೆಂಟರು ಬರುತ್ತಾರೆ, ಮನೆಯಲ್ಲಿ ಕೋಳಿಯಿದೆ, ಕೊಯ್ಯುತ್ತೇವೆ. ಮೆಹಮಾನ್‌ನವಾಝಿ ನಮ್ಮ ಧರ್ಮ, ತಪ್ಪೇನಿಲ್ಲ. ಆದರೆ ಆ ಕೋಳಿಗೆ ಮಗು ಹೆಸರಿಟ್ಟಿದೆಯೇ ಎಂದು ಒಮ್ಮೆ ನೋಡಿ. ಶಾಲೆಯಿಂದ ಬಂದು ಬುಟ್ಟಿ ಎತ್ತಿದಾಗ ಕೋಳಿ ಇಲ್ಲದ್ದು ಗೊತ್ತಾಗಿ, ರಾತ್ರಿ ಊಟ ಬಿಟ್ಟ ಮಕ್ಕಳನ್ನು ಮರುದಿನ ತರಗತಿಯಲ್ಲಿ ಕಾಣುವವರು ನಾವು ಶಿಕ್ಷಕರು. ಕೊಯ್ಯುವುದೇ ಆದರೆ ಮಗುವಿಗೆ ಮೊದಲೇ ಹೇಳಿ, ಬೇರೊಂದು ಕೋಳಿ ತರಲಾಗುವುದಾದರೆ ತನ್ನಿ. ಹೇಳದೆ ಕೊಯ್ದು, ‘ಹದ್ದು ಕೊಂಡೊಯ್ದಿತು’ ಎಂದು ಸುಳ್ಳು ಹೇಳುವುದನ್ನಂತೂ ಮಾಡಬೇಡಿ. ಮಕ್ಕಳಿಗೆ ಪುಕ್ಕ ಬಿದ್ದ ಜಾಗ ಗೊತ್ತಿರುತ್ತದೆ.

ಶೆಲ್ಡೆರೂಪ್ ಎಬ್ಬೆಯ ಕಥೆಯನ್ನು ಹೋದ ವರ್ಷ 7ನೇ ತರಗತಿಯಲ್ಲಿ ಹೇಳಿದ್ದೆ. ಒಂದು ತಿಂಗಳ ನಂತರ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹಳೆಯ ಗಣಿತದ ನೋಟುಪುಸ್ತಕ ತಂದು ಮೇಜಿನ ಮೇಲಿಟ್ಟಳು. ಬಲಗಡೆ ಖಾಲಿ ಉಳಿದಿದ್ದ ಪುಟಗಳಲ್ಲಿ ಗೆರೆ ಹಾಕಿ ಮನೆಯ ಆರು ಕೋಳಿಗಳ ಹೆಸರು ಬರೆದಿದ್ದಳು. ರಾನಿ, ಕಾಲಿ, ಚಿನ್ನಿ, ಲಂಗ್ಡಿ, ಬೆಳ್ಳಿ, ನಾನಿ. ಅಡ್ಡ ಸಾಲಿನಲ್ಲಿ ಕುಕ್ಕಿದವರು, ಉದ್ದ ಸಾಲಿನಲ್ಲಿ ಕುಕ್ಕಿಸಿಕೊಂಡವರು. ರಾನಿಯ ಸಾಲಿನಲ್ಲಿ ಐದೂ ಮನೆಗಳಲ್ಲಿ ಗುರುತಿತ್ತು. ಲಂಗ್ಡಿ ಕುಂಟುವುದರಿಂದ ಅದೇ ಕೊನೆಯದಿರಬೇಕೆಂದು ನಾನು ಅಂದಾಜು ಮಾಡಿ ಹೇಳಿದೆ. ಅವಳು ತಲೆಯಾಡಿಸಿ, ‘ಇಲ್ಲ ಟೀಚರ್, ಲಂಗ್ಡಿ ಕಾಲಿಯನ್ನು ಕುಕ್ಕುತ್ತದೆ, ಕಾಲಿ ಚಿನ್ನಿಯನ್ನು, ಚಿನ್ನಿ ಮತ್ತೆ ಲಂಗ್ಡಿಯನ್ನು’ ಎಂದು ಬೆರಳಿಟ್ಟು ತೋರಿಸಿದಳು.